ಇಂತಾಯೊನ್ ಗುಡ್ಡ

ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ ವಾಯವ್ಯ ಕರಾವಳಿಯಲ್ಲಿ, ಇಲೊಕಾನೊ ಭಾಷೆಯಾಡುವ ಪಲ್ಲಗಾವ್ ಎಂಬ ಹಳ್ಳಿಯ ಬೆನ್ನಿಗೆ ಒಂದು ಸಣ್ಣ ಗುಡ್ಡವಿದೆ. ಎತ್ತರ ಹೆಚ್ಚೆಂದರೆ ಇನ್ನೂರು ಅಡಿ. ನೆತ್ತಿಯ ಮೇಲೆ ಹವಳಗಲ್ಲಿನ ಅಡಿಪಾಯವೊಂದು ಉಳಿದಿದೆ. ಮೂವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ. ಗೋಡೆಗಳನ್ನು ಯಾವುದೋ ವರ್ಷದ ಬಿರುಗಾಳಿ ಕೊಂಡೊಯ್ದಿತು. ಅಡಿಪಾಯದ ಪೂರ್ವಕ್ಕೆ ಹಳೆಯದೊಂದು ಹುಣಸೆಮರ. ಸರ್ಕಾರದ ನಕ್ಷೆಯಲ್ಲಿ ಈ ಗುಡ್ಡಕ್ಕೆ ಇರುವುದು ಒಂದು ಸಂಖ್ಯೆ ಮಾತ್ರ. ಊರವರು ಇದನ್ನು ಇಂತಾಯೊನ್ ಗುಡ್ಡ ಎನ್ನುತ್ತಾರೆ. ಅವರ ಮಾತಿನಲ್ಲಿ ಇಂತಾಯೊನ್ ಎಂದರೆ 'ಬಾ, ಹೋಗೋಣ' ಎಂದರ್ಥ.

ಹಿಂದೆ ಒಮ್ಮೆ, ಸ್ಪೇನಿನವರು ಹೋಗಿ ಅಮೆರಿಕದವರು ಬಂದು ಕೆಲವೇ ವರ್ಷಗಳಾಗಿದ್ದಾಗ, ಗುಡ್ಡದ ಮೇಲೆ ಸರ್ಕಾರಿ ಶಾಲೆ ನಡೆಯುತ್ತಿತ್ತು. ತೊಲೆಗಳನ್ನು ಊರವರೇ ಹೆಗಲ ಮೇಲೆ ಹೊತ್ತು ಏರಿಸಿದ್ದರು. ಮಕ್ಕಳು ಮೂವತ್ತೆಂಟು, ಮೇಷ್ಟ್ರು ಒಬ್ಬರೇ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಶಾಲೆಯ ಸುತ್ತಲಿನ ಬಿದಿರು ಬೇಲಿಯ ಒಳಗೆ ಮನೆಮಾತು ಆಡಿದ ಮಗು ಹೆಸರುಕಾಳಿನ ಮೇಲೆ ಮಂಡಿಯೂರಬೇಕಾಗಿತ್ತು. ಪಕ್ಕದ ಊರಿನ ಶಾಲೆಯಲ್ಲಿ ಮನೆಮಾತು ತಪಾಸಣೆಗೆ ಬಂದ ಸರ್ಕಾರಿ ಪರಿವೀಕ್ಷಕನ ಕಿವಿಗೆ ಬಿದ್ದು, ಅವನು ಆ ಶಾಲೆಯನ್ನೇ ಮುಚ್ಚಿಸಿದ್ದ. ಹಳ್ಳಿಯಲ್ಲಿ ಸೆವೆರಿನಾ ಎಂಬ ನೇಕಾರ ಹೆಂಗಸಿದ್ದಳು. ಗಂಡನಿಲ್ಲ, ಅಕ್ಷರವಿಲ್ಲ, ಇದ್ದವಳು ಒಬ್ಬಳೇ ಮಗಳು, ಇನೆಸ್. ಸಂಜೆ ಮಗ್ಗದ ಪಕ್ಕ ಕೂತು ಮಗಳು ಚೆಂಡು, ಹಸು, ಸೇಬು ಎಂದು ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದಳು. ಸೇಬನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಸೆವೆರಿನಾ ಲಾಳಿ ನಿಲ್ಲಿಸಿ ಕೇಳುತ್ತಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ತನಗೆ ತಿಳಿಯದ ಮಾತಾಡುವುದು ಅವಳಿಗೆ ಹೆಮ್ಮೆಯಾಗಿತ್ತು.

ಒಂದು ಸೋಮವಾರ ಇನೆಸ್ ಶಾಲೆಯ ಬೇಲಿಯೊಳಗಿನ ಹುಣಸೆಮರದಿಂದ ಬಿದ್ದಳು. ಗೆಳತಿಯರು ಎತ್ತಿಕೊಂಡು ಮನೆಗೆ ತಂದರು. ಗಾಯ ಕಾಣಲಿಲ್ಲ. ಆದರೆ ಮಗು ಮಾತಾಡಲಿಲ್ಲ, ಅನ್ನ ಮುಟ್ಟಲಿಲ್ಲ, ಸೂರನ್ನೇ ನೋಡುತ್ತ ಮಲಗಿತು. ಆ ಸೀಮೆಯವರ ನಂಬಿಕೆ ಹೀಗೆ: ಬಿದ್ದು ಬೆಚ್ಚಿದ ಮಗುವಿನ ಜೀವ ಬಿದ್ದಲ್ಲೇ ನಿಂತುಬಿಡುತ್ತದೆ. ಮೈಯನ್ನು ಮಾತ್ರ ಹೊತ್ತು ತಂದರೆ ಸಾಲದು. ಅದೇ ಜಾಗದಲ್ಲಿ ನಿಂತು, ಹೆಸರು ಹಿಡಿದು, ಇಂತಾಯೊನ್ ಎಂದು ಗಟ್ಟಿಯಾಗಿ ಕೂಗಿ, ಮಗುವಿನ ಅಂಗಿಯಲ್ಲಿ ಅದನ್ನು ಕರೆತರಬೇಕು. ಎರಡು ದಿನ ಕಷಾಯ, ಎಣ್ಣೆ ಎಲ್ಲ ಮಾಡಿ ಸೋತ ಮೇಲೆ ಸೆವೆರಿನಾ ಗೆಳತಿಯರನ್ನು ಕರೆಸಿ, ಬರುವಾಗ ಇನೆಸಳನ್ನು ಕರೆದಿರಾ ಎಂದು ಕೇಳಿದಳು. ಅವರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬಳು ನೆಲ ನೋಡುತ್ತ ಹೇಳಿದಳು:

"ನಾವು ಬೇಲಿಯ ಒಳಗಿದ್ದೆವು, ಅತ್ತೆ."

ಸೆವೆರಿನಾ ಮಗಳ ಅಂಗಿ ಹಿಡಿದು ಗುಡ್ಡ ಹತ್ತಿದಳು. ಬೇಲಿಯ ಬಿದಿರು ಬಾಗಿಲ ಹತ್ತಿರ ಮೇಷ್ಟ್ರು ಯೂಲಾಲಿಯೊ ಅಡ್ಡ ಬಂದ. ಅವನೂ ಅದೇ ಊರಿನವನು. ಅವನ ಜೀವವನ್ನೂ ಚಿಕ್ಕಂದಿನಲ್ಲಿ ಅವನ ತಾಯಿ ಬಾವಿಕಟ್ಟೆಯಿಂದ ಕರೆತಂದಿದ್ದಳು. ಅಮೆರಿಕದ ಪರಿವೀಕ್ಷಕ ಬಂದಿದ್ದಾನೆ, ಶಾಲೆಯಲ್ಲೇ ಬಿಡಾರ ಹೂಡಿದ್ದಾನೆ, ಶನಿವಾರ ಬೆಳಿಗ್ಗೆ ಹೋಗುತ್ತಾನೆ, ಅಲ್ಲಿಯವರೆಗೆ ತಾಳಬೇಕು ಎಂದು ಅವನು ಪಿಸುದನಿಯಲ್ಲಿ ಬೇಡಿಕೊಂಡ.

"ಅನ್ನ ಬಿಟ್ಟು ಎರಡು ದಿನವಾಯಿತು, ಮೇಷ್ಟ್ರೇ. ಒಂದೇ ಮಾತು. ಮೆಲ್ಲಗೆ ಕರೆಯುತ್ತೇನೆ."

"ಮೆಲ್ಲಗೆ ಕರೆದರೆ ಬರುವುದಿಲ್ಲ, ಅಕ್ಕ. ನಿನಗೂ ಗೊತ್ತು."

ಸೆವೆರಿನಾ ಬೇಲಿಯಾಚೆ ನೋಡಿದಳು. ಹುಣಸೆಮರ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಶಾಲೆಯೊಳಗೆ ಮೂವತ್ತೇಳು ಮಕ್ಕಳಿದ್ದರು, ಊರಿನ ಎಲ್ಲ ಮನೆಯ ಮಕ್ಕಳು. ಕೂಗಿದರೆ ಅವರ ಶಾಲೆ ಹೋಗುತ್ತದೆ. ಕೂಗದಿದ್ದರೆ ತನ್ನ ಮಗು. ಆಗ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಇಂಗ್ಲಿಷಿನಲ್ಲಿ ಕರೆಯಲು ಅಡ್ಡಿಯಿಲ್ಲವಲ್ಲ, ತಾನೇ ಕರೆಯುತ್ತೇನೆ ಎಂದ.

"ಅವಳಿಗೆ ತಿಳಿಯುತ್ತದೆಯೇ?" ಎಂದು ಸೆವೆರಿನಾ ಕೇಳಿದಳು.

ಮೇಷ್ಟ್ರು ಹೇಳಿದ: "'ಇದು ಚೆಂಡು' ಎನ್ನುವವರೆಗೆ ಬಂದಿದ್ದಾಳೆ."

ಅವನು ಮರದ ಕೆಳಗೆ ನಿಂತು ಕೂಗಿದ: ಕಮ್, ಇನೆಸ್, ಲೆಟ್ ಅಸ್ ಗೋ. ಪರಿವೀಕ್ಷಕ ಹೊರಗೆ ಬಂದ. ಬಯಲಲ್ಲಿ ಹೊಸ ರೀತಿಯ ಪಾಠ ನಡೆಯುತ್ತಿದೆಯೆಂದು ತಿಳಿದು ಅವನಿಗೆ ಸಂತೋಷವಾಯಿತು. ಎಲ್ಲರೂ ಹೇಳಲಿ ಎಂದು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿದ. ಮೂವತ್ತೇಳು ಮಕ್ಕಳು ಒಂದೇ ರಾಗದಲ್ಲಿ ಹತ್ತು ಸಲ ಹೇಳಿದರು. ಉಚ್ಚಾರಣೆ ತಪ್ಪಿದವರನ್ನು ಅವನು ಬೆರಳೆತ್ತಿ ತಿದ್ದಿದ. ಅಷ್ಟು ಹೊತ್ತೂ ಸೆವೆರಿನಾ ಬೇಲಿಯ ಹೊರಗೆ ಅಂಗಿಯ ಬಾಯಿ ಬಿಡಿಸಿ ಹಿಡಿದು ನಿಂತಿದ್ದಳು. ಅವಳ ಕಿವಿಗೆ ತಿಳಿದದ್ದು ಇನೆಸ್ ಎಂಬ ಒಂದೇ ಶಬ್ದ. ಅಂಗಿಯನ್ನು ಮಡಚಿ ಎದೆಗೊತ್ತಿಕೊಂಡು ಇಳಿದಳು, ಮಗಳಿಗೆ ತೊಡಿಸಿದಳು, ಕಾದಳು. ಮಗು ಸೂರನ್ನೇ ನೋಡುತ್ತಿತ್ತು. ಶುಕ್ರವಾರ ಸಂಜೆ ನೋಡುವುದನ್ನೂ ನಿಲ್ಲಿಸಿತು. ತಲೆಯೊಳಗೆ ಪೆಟ್ಟಾಗಿತ್ತು, ಯಾರು ಯಾವ ಮಾತಿನಲ್ಲಿ ಕರೆದಿದ್ದರೂ ಉಳಿಯುತ್ತಿರಲಿಲ್ಲ ಎನ್ನುವವರೂ ಊರಲ್ಲಿದ್ದಾರೆ. ಇರಬಹುದು.

ಶನಿವಾರ ಬೆಳಿಗ್ಗೆ ಪರಿವೀಕ್ಷಕ ಶಾಲೆಯನ್ನು ಹೊಗಳಿ ಬರೆದು ಕುದುರೆಯೇರಿ ಹೋದ. ಮಗಳನ್ನು ಮಣ್ಣು ಮಾಡಿ ಬಂದ ಸೆವೆರಿನಾ ನೇರವಾಗಿ ಗುಡ್ಡ ಹತ್ತಿದಳು. ಕರೆತಂದರೂ ಸೇರಿಸಲು ಈಗ ಮೈಯಿಲ್ಲ ಎಂದು ಹೆಂಗಸರು ತಡೆದರು. ಹಾಗೆಂದು ಮಗುವನ್ನು ಅಲ್ಲೇ ಬಿಡಲಾಗುತ್ತದೆಯೇ ಎಂದು ಅವಳು ಕೇಳಿದಳಂತೆ. ಹೆಂಗಸರು ದಾರಿ ಬಿಟ್ಟರು. ಹೊತ್ತು ಮುಳುಗುವವರೆಗೆ ಅವಳು ಮರದ ಕೆಳಗೆ ಕೂಗಿದಳು. ಅವಳ ದನಿ ಬಿದ್ದುಹೋದ ಮೇಲೆ ಮೇಷ್ಟ್ರು ಕೂಗಿದ, ಬೇಲಿಯೊಳಗೆ, ಮನೆಮಾತಿನಲ್ಲಿ. ಸೋಮವಾರ ಅವನು ಎಂದಿನಂತೆ ಇಂಗ್ಲಿಷಿನಲ್ಲೇ ಪಾಠ ಮಾಡಿದ. ಸೆವೆರಿನಾ ಬದುಕಿದ್ದಷ್ಟು ದಿನ ಪ್ರತಿ ಶನಿವಾರ ಹತ್ತಿ ಕರೆಯುತ್ತಿದ್ದಳು. ಗುಡ್ಡಕ್ಕೆ ಮೊದಲು ಬೇರೆ ಹೆಸರಿತ್ತಂತೆ. ಅದು ಈಗ ಯಾರಿಗೂ ನೆನಪಿಲ್ಲ.

ಈಗಲೂ ಸೌದೆಗೆ, ಹುಣಸೆಗೆ ಗುಡ್ಡ ಹತ್ತಿದವರು ಹೊರಡುವ ಮುಂಚೆ ತಂತಮ್ಮ ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ, ಕೊನೆಗೆ ಇನೆಸಳನ್ನೂ ಕರೆಯುತ್ತಾರೆ. ಇಳಿಯುವ ದಾರಿ ಇಕ್ಕಟ್ಟು, ಎರಡಾಳು ಹಿಡಿಯುವುದು ಕಷ್ಟ. ಆದರೂ ಊರವರು ಒಂದು ಬದಿಗೆ ಒತ್ತಿಕೊಂಡು, ಪಕ್ಕದಲ್ಲಿ ಒಂದು ಮಗು ನಡೆಯುವಷ್ಟು ಜಾಗ ಬಿಟ್ಟು ಇಳಿಯುವುದನ್ನು ಅಲ್ಲಿಗೆ ಹೋದವರು ನೋಡಬಹುದು.