ಮುದ್ರೆ ಬಿದ್ದ ಭರಣಿ

“ಅಜ್ಜಾರ, ಒಮ್ಮೆ ಬರದದ್ದನ್ನ ಯಾರಿಗೂ ಅಳಸಾಕ ಬರಂಗಿಲ್ಲ, ಯಾರಿಗೂ ತಿದ್ದಾಕ ಬರಂಗಿಲ್ಲ. ಅಂಥಾದ್ದನ್ನ ನಂಬಾಕ ಹೆದರಿಕಿ ಯಾಕ್ರಿ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಅನ್ನದಾನಯ್ಯ. ಮಠದ ಆಸ್ಪತ್ರೆಯ ಆಡಳಿತ ಅವನದು. ಔಷಧ ಸರಬರಾಜಿಗೆ ಬ್ಲಾಕ್‌ಚೈನ್ ಎಂಬ ಹೊಸ ವ್ಯವಸ್ಥೆಯನ್ನು ಮಾರುವ ಕಂಪನಿಯವರು ಅವನ ಬಳಿ ಬಂದು ಹೋಗಿದ್ದರು. ಕಾರ್ಖಾನೆಯಿಂದ ರೋಗಿಯ ಮಂಚದವರೆಗೆ ಔಷಧ ಯಾರ ಯಾರ ಕೈ ದಾಟಿತೋ ಅಷ್ಟೂ ಅದರಲ್ಲಿ ದಾಖಲಾಗುತ್ತದೆ. ದಾಖಲೆ ಒಬ್ಬರ ಬಳಿ ಇರುವುದಿಲ್ಲ, ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆ. ಒಬ್ಬ ತಿದ್ದಿದರೆ ಉಳಿದವರ ಕೈಗೆ ಸಿಕ್ಕಿಬೀಳುತ್ತಾನೆ. ಹೀಗಿರುವಾಗ ಬಂದ ಔಷಧವನ್ನು ಬಿಚ್ಚಿ ಪರೀಕ್ಷಿಸುವ ಕೋಣೆಯೊಂದು ನಿಮಗೆ ಬೇರೆ ಯಾಕೆ, ಮುಚ್ಚಿದರೆ ಖರ್ಚಾದರೂ ಉಳಿಯುತ್ತದೆ ಎಂದು ಅವರು ಹೇಳಿದ್ದರು. ಮಾತು ಅನ್ನದಾನಯ್ಯನಿಗೆ ಹಿಡಿಸಿತ್ತು. ಒಪ್ಪಂದಕ್ಕೆ ಸಹಿ ಹಾಕುವುದೊಂದೇ ಬಾಕಿ. ಆದರೆ ಪೆನ್ನು ಹಿಡಿದಾಗಲೆಲ್ಲ ಎದೆ ಅಳುಕುತ್ತಿತ್ತು. ಯಾಕೆಂದು ಅವನಿಗೇ ತಿಳಿಯದು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಜ್ವರಕ್ಕೆ ಅವನು ಕೊಡುವ ಚೂರ್ಣ ದೂರದ ಕಾಡಿನಿಂದ ಬರಬೇಕಿತ್ತು. ಊರು ಮುಟ್ಟುವಷ್ಟರಲ್ಲಿ ಅದು ಹತ್ತಾರು ಕೈ ದಾಟುತ್ತಿತ್ತು. ಆ ಕೈಗಳಲ್ಲಿ ಯಾವುದೋ ಒಂದು ಅದರಲ್ಲಿ ಬೂದಿ ಬೆರೆಸುತ್ತಿತ್ತು. ಅದಕ್ಕಾಗಿ ವೈದ್ಯ ಒಂದು ಪದ್ಧತಿ ಇಟ್ಟುಕೊಂಡಿದ್ದ. ರೋಗಿಗೆ ಕೊಡುವ ಮೊದಲು ಒಂದು ಚಿಟಿಕೆ ತನ್ನ ನಾಲಿಗೆಯ ಮೇಲೆ ಇಟ್ಟುಕೊಳ್ಳುವನು. ಕಣ್ಣು ಮುಚ್ಚಿ ಕೂರುವನು. ಸರಿ ಅನ್ನಿಸಿದರೆ ಕೊಡುವನು, ಇಲ್ಲವಾದರೆ ಇಡೀ ಗಂಟನ್ನು ತಿಪ್ಪೆಗೆ ಚೆಲ್ಲುವನು. ವೈದ್ಯ ಉಗುಳಿದ ಔಷಧವನ್ನು ಆ ಊರಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಚೆಲ್ಲಿ ಚೆಲ್ಲಿ ವೈದ್ಯನಿಗೆ ಸಾಕಾಗಿತ್ತು. ಚೆಲ್ಲಿದ ಮೇಲೆ ಕೊಡಲು ಬೇರೆ ಔಷಧವಿಲ್ಲದೆ ಸತ್ತವರೂ ಇದ್ದರು. ಹೀಗಿರುವಾಗ ಒಬ್ಬ ವ್ಯಾಪಾರಿ ಬಂದ.

ವ್ಯಾಪಾರಿ ಜಾಣ. ಅವನ ಏರ್ಪಾಟು ಸರಳವಾಗಿತ್ತು. ಚೂರ್ಣ ಇನ್ನು ಮೇಲೆ ಭರಣಿಯಲ್ಲಿ ಬರುತ್ತದೆ, ಭರಣಿಯ ಬಾಯಿಗೆ ಅರಗು. ದಾರಿಯಲ್ಲಿ ಬರುವ ಪ್ರತಿ ಊರಿನ ಕಾವಲುಗಾರ ಹಿಂದಿನವರ ಮುದ್ರೆಗಳನ್ನು ನೋಡಿ, ಸರಿಯಿದ್ದರೆ ಅವುಗಳ ಪಕ್ಕದಲ್ಲಿ ತನ್ನದನ್ನು ಒತ್ತುತ್ತಾನೆ. ಪ್ರತಿ ಭರಣಿಯ ಮುದ್ರೆಗಳ ಅಚ್ಚು ಎಲ್ಲ ಊರುಗಳಲ್ಲೂ ಇರುತ್ತದೆ. ಒಬ್ಬ ಕಾವಲುಗಾರ ಕಳ್ಳನಾದರೆ ಉಳಿದವರು ಅವನನ್ನು ಹಿಡಿಯುತ್ತಾರೆ. ಹಾಗಾಗಿ ಯಾರೂ ಯಾರನ್ನೂ ನಂಬಬೇಕಾಗಿಲ್ಲ. ಇಷ್ಟನ್ನು ನಡೆಸಿಕೊಟ್ಟಿದ್ದಕ್ಕೆ ವ್ಯಾಪಾರಿ ಮುದ್ರೆಗೆ ಇಷ್ಟೆಂದು ತೆಗೆದುಕೊಳ್ಳುತ್ತಾನೆ. ಅವನೂ ಹೊಟ್ಟೆ ಹೊರೆಯಬೇಕಲ್ಲ.

ಮೊದಲ ಭರಣಿ ಬಂದಾಗ ವೈದ್ಯ ಅದನ್ನು ಒಡೆದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡ. ಚೊಕ್ಕ ಚೂರ್ಣ. ಮುಂದಿನದೂ ಚೊಕ್ಕ. ಸಂತೋಷಕ್ಕೆ ವೈದ್ಯನ ಕಣ್ಣಲ್ಲಿ ನೀರು ಬಂತು. ಜ್ವರದಲ್ಲಿ ಮಲಗಿದವರು ಏಳತೊಡಗಿದರು.

ಒಂದು ದಿನ ಅವನು ಒಬ್ಬ ಸಿರಿವಂತನ ಮನೆಯಲ್ಲಿ ಭರಣಿ ಒಡೆದು ಎಂದಿನಂತೆ ಚಿಟಿಕೆ ತೆಗೆದ. ಮನೆಯ ಯಜಮಾನಿ ಮುಖ ಸಿಂಡರಿಸಿದಳು.

“ಇಷ್ಟು ಊರಿನವರು ನೋಡಿ ಮುದ್ರಿ ಒತ್ಯಾರ. ಅವರೆಲ್ಲಾರಕಿಂತ ನಿಮ್ಮ ನಾಲಿಗಿ ದೊಡ್ಡದೇನ್ರಿ? ನೀವು ಎಂಜಲ ಮಾಡಿದ ಔಷಧ ನಮಗ ಬ್ಯಾಡ.”

ವೈದ್ಯ ನಕ್ಕು ಚಿಟಿಕೆಯನ್ನು ಭರಣಿಗೆ ಮರಳಿ ಉದುರಿಸಿದ. ಅವಳ ಮಾತು ಊರಿಗೆಲ್ಲ ಸರಿ ಕಂಡಿತು. ಅಂದಿನಿಂದ ರೋಗಿಯ ಮನೆಯವರೇ ತಮ್ಮ ಕೈಯಾರೆ ಮುದ್ರೆ ಒಡೆಯತೊಡಗಿದರು. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ಹೇಳಿದರೆ ವೈದ್ಯನ ಕೆಲಸ ಮುಗಿಯಿತು. ಅವನಿಗೂ ಅದು ಹಾಯಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಬಿಡಿ ಚೂರ್ಣ ಮಾರುವವರು ಗಿರಾಕಿಯಿಲ್ಲದೆ ಬೇರೆ ಕಡೆಗೆ ಹೋದರು.

ವರ್ಷಗಳು ಕಳೆದವು. ಒಂದು ಬೇಸಿಗೆಯಲ್ಲಿ ಊರಿಗೆಲ್ಲ ಜ್ವರ ಬಂತು. ವೈದ್ಯ ಮನೆ ಮನೆಗೂ ಭರಣಿ ತರಿಸಿಕೊಟ್ಟ. ಕೆಲವರು ಎದ್ದರು. ಹೆಚ್ಚಿನವರು ಏಳಲಿಲ್ಲ. ಈ ಸಲದ ಜ್ವರ ಕೆಟ್ಟದ್ದು ಎಂದರು ಜನ. ವೈದ್ಯನೂ ಹಾಗೆಯೇ ಅಂದುಕೊಂಡ.

ಆಮೇಲೆ ಅವನ ಮಗಳು ಮಲಗಿದಳು. ಅವನಿಗೆ ಇದ್ದ ಮಗು ಅವಳೊಬ್ಬಳೇ.

ಔಷಧ ಕೊಟ್ಟ, ಜ್ವರ ಇಳಿಯಲಿಲ್ಲ. ಮತ್ತೆ ಕೊಟ್ಟ, ಏರಿತು. ಹೊಸ ಭರಣಿಯೊಂದನ್ನು ಒಡೆದ. ಎಷ್ಟೋ ವರ್ಷಗಳ ಮೇಲೆ ಒಂದು ಚಿಟಿಕೆ ತನ್ನ ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತ. ಕಹಿಯಿತ್ತು. ಆದರೆ ಅದು ಮೊದಲಿನ ಕಹಿಯೋ, ಬೇರೆ ಯಾವ ಎಲೆಯ ಕಹಿಯೋ ಅವನಿಗೆ ತಿಳಿಯಲಿಲ್ಲ. ಮತ್ತೊಂದು ಚಿಟಿಕೆ ಹಾಕಿಕೊಂಡ. ಆಗಲೂ ತಿಳಿಯಲಿಲ್ಲ. ಕೆಟ್ಟಿರುವುದು ಔಷಧವೋ ತನ್ನ ನಾಲಿಗೆಯೋ? ಆ ಬೇಸಿಗೆಯಲ್ಲಿ ಅವನು ಔಷಧ ಕೊಡಿಸಿದ ಮನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಒಡೆದ ಅರಗನ್ನು ಜೋಡಿಸಿ ನೋಡಿದ. ಒಂದು ಮುದ್ರೆಯಲ್ಲೂ ಐಬಿರಲಿಲ್ಲ. ಮಗಳನ್ನು ಹೆಂಡತಿಯ ಕೈಗೆ ಒಪ್ಪಿಸಿ, ಅರಗನ್ನು ಕಟ್ಟಿಕೊಂಡು, ಭರಣಿ ಬಂದ ದಾರಿಯನ್ನು ಹಿಡಿದು ಕುದುರೆ ಓಡಿಸಿದ.

ಮೊದಲು ಸಿಕ್ಕ ಊರಿನ ಕಾವಲುಗಾರ ಅಚ್ಚು ತಂದು ಹೋಲಿಸಿ ನೋಡಿದ. “ನಮ್ಮದ ಐತ್ರಿ,” ಎಂದ. ಒಳಗೆ ನೋಡಿದ್ದೆಯಾ ಎಂದು ವೈದ್ಯ ಕೇಳಿದ. “ಮುದ್ರಿ ಒಡೀಲಾರದ ಒಳಗ ನೋಡೂದು ಹೆಂಗ್ರಿ?” ಎಂದು ಅವನು ಬೆರಗಾದ. ಮುಂದಿನ ಊರಿನವನೂ ಅದನ್ನೇ ಹೇಳಿದ, ಅದರ ಮುಂದಿನವನೂ ಅದನ್ನೇ ಹೇಳಿದ. ಎಲ್ಲರೂ ಪ್ರಾಮಾಣಿಕರು. ಅವರ ಮುಖ ನೋಡಿದಷ್ಟೂ ವೈದ್ಯನ ಭಯ ಹೆಚ್ಚುತ್ತಿತ್ತು.

ಕಾಡಿನ ಅಂಚಿನ ಊರಿನಲ್ಲಿ ಮೊದಲ ಮುದ್ರೆ ಒತ್ತುವ ಮುದುಕನಿದ್ದ. ವೈದ್ಯ ಅವನ ಕೈ ಹಿಡಿದುಕೊಂಡ.

“ಅಜ್ಜಾ, ಅರಗು ಹಾಕೂ ಮುಂಚೆ ನೀನರ ಒಳಗ ನೋಡ್ತಿ ಹೌದಲ್ಲೋ?”

“ಭರಣಿ ಬಾಯಿ ಕಟ್ಟಿಕೊಂಡೇ ಬರತಾವ್ರಿ. ನಾ ಅರಗು ಹಾಕಿ ಒತ್ತತೀನಿ. ಮೊದಲ ಬರತಿದ್ದಕಿಂತ ಈಗ ಭಾಳ ಬರತಾವ. ಖರೇ ಹೇಳಬೇಕಂದ್ರ, ಕಾಡಿನಾಗ ಆ ಗಿಡ ನನ್ನ ಕಣ್ಣಿಗೆ ಬೀಳಲಾರದ ಭಾಳ ವರ್ಷ ಆತು.”

“ಮತ್ತ ಯಾವ ಧೈರ್ಯದ ಮ್ಯಾಲೆ ಒತ್ತತೀ?”

“ನನಗೇನು ಔಷಧ ತಿಳೀತೈತೇನ್ರಿ? ಕಡೀಕ ನಿಮ್ಮೂರಾಗ ಒಬ್ಬ ವೈದ್ಯ ಅದಾನಂತ. ನಾಲಿಗಿ ಮ್ಯಾಲೆ ಇಟಗೊಂಡು ನೋಡೇ ಕೊಡತಾನಂತ. ಆ ಧೈರ್ಯದ ಮ್ಯಾಲೆ ಒತ್ತತೀನ್ರಿ.”

ವೈದ್ಯ ಮುದುಕನ ಕೈ ಬಿಟ್ಟ. ಕುದುರೆ ಹತ್ತಿ ಊರು ಮುಟ್ಟಿದ.

ಮಗಳು ಕಣ್ಣು ತೆರೆಯುತ್ತಿರಲಿಲ್ಲ. ಹೆಂಡತಿ ಜೇನಿನಲ್ಲಿ ಚೂರ್ಣ ಕಲಸಿಟ್ಟು ಕಾಯುತ್ತಿದ್ದಳು.

“ಎಲ್ಲಿ ಹೋಗಿದ್ರಿ? ಔಷಧದ ಹೊತ್ತು ಮೀರೇತಿ. ಲಗೂನ ಕುಡಸ್ರಿ.”

ಊರಿನಲ್ಲಿ ಬೇರೆ ಔಷಧವಿರಲಿಲ್ಲ. ಇದು ನಿಜವಾದ ಚೂರ್ಣವಾಗಿದ್ದು ತಾನು ಕೊಡದೆ ಹೋದರೆ ಮಗಳು ಸಾಯುತ್ತಾಳೆ. ಅಲ್ಲದ್ದಾಗಿದ್ದು ಕೊಟ್ಟರೆ, ತನ್ನ ಕೈಯಾರೆ ವಿಷ ಕೊಟ್ಟಂತಾಗುತ್ತದೆ. ವೈದ್ಯ ಚಮಚ ಎತ್ತಿಕೊಂಡ. ಹೆಂಡತಿ ಅವನ ಮುಖ ನೋಡಿದಳು, ಅವಳಿಗೂ ಏನೋ ತಿಳಿದು ಗಾಬರಿಯಾಯಿತು. ಅವನು ಅದನ್ನು ಇನ್ನೊಮ್ಮೆ ತನ್ನ ನಾಲಿಗೆಗೆ ಮುಟ್ಟಿಸಿಕೊಂಡ. ಜೇನಿನ ಹಿಂದೆ ಕಹಿಯಿತ್ತು, ಅಷ್ಟು ಮಾತ್ರ ತಿಳಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಅನ್ನದಾನಯ್ಯ ಕಾದ. ಅವನಿಗೆ ತಡೆಯಲಾಗಲಿಲ್ಲ.

“ಆ ಹುಡುಗಿ ಉಳದಳೇನ್ರಿ, ಅಜ್ಜಾರ?”

“ಉಳದಳು ಅಂದ್ರ, ನಾಳೆ ಹೋಗಿ ಸಹಿ ಹಾಕಾಂವ ಏನು ನೀನು?” ಎಂದರು ಗುರುಗಳು.

ಅನ್ನದಾನಯ್ಯ ಎದ್ದು ಆಸ್ಪತ್ರೆಯ ಪರೀಕ್ಷೆಯ ಕೋಣೆಯ ಕಡೆಗೆ ನಡೆದ.