ಸಣ್ಣೀರವ್ವನ ತೂಕ

ಬಲು ಹಿಂದೆ, ನಮ್ಮಜ್ಜಿಗೆ ಅವರಜ್ಜಿ ಹೇಳುವಾಗಲೇ ಹಳೆಯದಾಗಿದ್ದ ಕಾಲದಲ್ಲಿ, ಒಂದೂರಲ್ಲಿ ಸಣ್ಣೀರವ್ವ ಅಂತ ಒಬ್ಬಳಿದ್ದಳಂತೆ. ಹೂವು ಕಟ್ಟಿ ಮಾರೋಳು. ಗಂಡ ಇಲ್ಲ, ಮಕ್ಕಳಿಲ್ಲ. ಎದೆಗವಚಿಕೊಂಡು ಸಾಕಿದ ತಮ್ಮ ಓಬಳನೇ ಅವಳಿಗೆಲ್ಲ. ಅವಳಿಗೊಂದು ಹುಚ್ಚು. ಬುಟ್ಟಿ ಖಾಲಿಯಾಯಿತೋ, ನೇರ ಕಮ್ಮಾರ ಮಾನಾಚಾರಿಯ ಕುಲುಮೆಗೆ ಹೋಗಿ ಒಂದು ಪಕ್ಕದಲ್ಲಿ ಕೂತುಬಿಡೋಳು. ತಿದಿ ಉಸಿರು ಬಿಡೋದು, ಕೆಂಡ ಕಣ್ಣು ಬಿಡೋದು, ಕಬ್ಬಿಣ ಮೆತ್ತಗಾಗಿ ಬಾಗೋದು, ಬರೀ ನೋಡುತ್ತಾ ಕೂರೋಳು. ನಿನಗೇನು ಕುಡುಗೋಲು ಬೇಕಾ, ಗುದ್ದಲಿ ಬೇಕಾ ಅಂತ ಹೆಂಗಸರು ಆಡಿಕೊಂಡರೆ, ನೋಡೋಕೆ ಚೆಂದ ಕಣವ್ವ ಅನ್ನೋಳಂತೆ. ಅಷ್ಟೇ.

ನೋಡಿ ನೋಡಿ ಅವಳಿಗೆ ಕಾದ ಕಬ್ಬಿಣವೆಲ್ಲ ಹೂವಾಗಿ ಕಾಣುತ್ತಿತ್ತಂತೆ. ಕಾವು ಏರಿದ ಹಂಗೆ ಬಣ್ಣ ತಿರುಗಿ ಮೊದಲು ಕೆಂಪು ದಾಸವಾಳ, ಆಮೇಲೆ ಕನಕಾಂಬರ, ಆಮೇಲೆ ಸಂಪಿಗೆ, ಕೊನೆಗೆ ಬಿಳೀ ಮಲ್ಲಿಗೆ. ಎರಡು ತುದಿ ಬೆಸೆಯಬೇಕಾದರೆ ಮಲ್ಲಿಗೆ ಅರಳಲೇಬೇಕು. ಕೆಲಸ ಮುಗಿದ ಮೇಲೆ ಮಾನಾಚಾರಿ, ಇವತ್ತು ಏನು ಹೂವು ಬಿಟ್ಟಿತ್ತವ್ವಾ ಅಂತ ಕೇಳಿ ನಗೋನು. ಆದರೆ ಕುಲುಮೆಯ ಕಟ್ಟಳೆ ಒಂದಿತ್ತು. ಸುತ್ತಿಗೆ ಏಳುವಾಗ ಪಕ್ಕದಲ್ಲಿ ಕೂತವರು ತುಟಿ ಬಿಚ್ಚಬಾರದು. ಬಿಚ್ಚಿದರೆ ಬೆಸುಗೆ ಕೆಡುತ್ತದೆ ಅನ್ನೋರು.

ಆ ಊರಿಗೊಂದು ಬಾವಿ ಇತ್ತು, ಮಕ್ಕಳಾ. ಇಣುಕಿದರೆ ನಿಮ್ಮ ಮುಖ ನಿಮಗೆ ಕಾಣದಷ್ಟು ಆಳ. ಕೂಗಿದರೆ ನಿಮ್ಮ ದನಿ ಇನ್ಯಾರದೋ ದನಿಯಾಗಿ ಮೇಲೆ ಬರುತ್ತಿತ್ತಂತೆ. ಒಂದು ಬೇಸಿಗೆ ಹೂಳು ತುಂಬಿ ನೀರು ನಾರತೊಡಗಿತು. ಇಳಿಯೋರು ಯಾರು? ಎಲ್ಲರೂ ಹಿಂದೆ ಸರಿದರು, ಓಬಳ ನಾನು ಅಂದ. ಅಷ್ಟು ಆಳಕ್ಕೆ ಹಗ್ಗ ನಂಬೋಕಾಗಲ್ಲ, ಸರಪಳಿ ಮಾಡು ಅಂತ ಊರಗೌಡ ಮಾನಾಚಾರಿಗೆ ಹೇಳಿದ.

ಕೊನೆಯ ಕೊಂಡಿ ಬೆಸೆಯುವ ಹೊತ್ತಿಗೆ ಗೌಡ ಬಂದು, ಇನ್ನೂ ಆಗಲಿಲ್ಲವೇನಯ್ಯ ಅಂತ ಗದರಿದನಂತೆ. ಮಾನಾಚಾರಿ ಇಕ್ಕಳ ಹಿಡಿದುಕೊಂಡೇ ತಿರುಗಿ ಉತ್ತರ ಹೇಳಿದ. ಅಷ್ಟರಲ್ಲಿ ಮಲ್ಲಿಗೆ ಬಾಡಿತು, ಸಂಪಿಗೆ ಬಾಡಿತು, ಕನಕಾಂಬರಕ್ಕೆ ಬಂತು. ಆಗ ಬಿತ್ತು ಸುತ್ತಿಗೆ. ಸಣ್ಣೀರವ್ವ ಕಂಡಳು. ಹೇಳಿದರೆ ಬೆಸುಗೆ ಕೆಡುತ್ತದೆ, ಹೇಳದಿದ್ದರೆ ಓಬಳ ಹೋಗುತ್ತಾನೆ. ಸೆರಗನ್ನೇ ಬಾಯಿಗೆ ತುರುಕಿಕೊಂಡಳಂತೆ.

ಸುತ್ತಿಗೆ ನಿಂತ ಮೇಲೆ, ಈ ಕೊಂಡಿ ಕನಕಾಂಬರದಲ್ಲಿ ಬೆಸೆದದ್ದು, ತಡೆಯಲ್ಲಪ್ಪ ಅಂತ ಹೇಳಿದಳು. ಗೌಡನ ಎದುರಿಗೆ ಮಾನಾಚಾರಿಗೆ ಮುಖಭಂಗ. ಹೂವು ಕಟ್ಟೋಳು ನನಗೆ ಕಬ್ಬಿಣ ಹೇಳಿಕೊಡ್ತೀಯಾ ಅಂದ. ಗೌಡ ನಕ್ಕ. ಓಬಳನೂ, ಅಕ್ಕಾ, ಜನರ ಮುಂದೆ ಮಾನ ತೆಗೀಬೇಡ ಅಂದನಂತೆ. ಮೊದಲು ಕಲ್ಲು ತುಂಬಿ ಇಳಿಸಿ ನೋಡಿ ಅಂತ ಕೈ ಮುಗಿದಳು. ಹೊಸ ಸರಪಳಿಗೆ ಕಲ್ಲು ಹೇರಿ ಪರೀಕ್ಷೆ ಮಾಡೋದು ಕುಲುಮೆಗೇ ಅಪಮಾನ ಅಂದರು.

ಮಾರನೇ ಬೆಳಗ್ಗೆ ರಾಟೆಗೆ ಸರಪಳಿ ಬಿತ್ತು, ತುದಿಗೆ ಆಳು ಕೂರುವಂಥ ದೊಡ್ಡ ಬುಟ್ಟಿ, ಮಕ್ಕರಿ ಕಟ್ಟಿದರು. ಓಬಳ ಗಂಗಮ್ಮನಿಗೆ ಕೈ ಮುಗಿಯುತ್ತಿದ್ದಾಗ ಸಣ್ಣೀರವ್ವ ಹೋಗಿ ಮಕ್ಕರಿಯೊಳಗೆ ಕೂತುಬಿಟ್ಟಳಂತೆ. ಅವಳ ನಡುಕಕ್ಕೆ ಸರಪಳಿಯೇ ಗಲಗಲ ಅನ್ನುತ್ತಿತ್ತಂತೆ. ಓಬಳ ಎಳೆದ, ಏಳಲಿಲ್ಲ. ಗೌಡ ಬೈದ, ಏಳಲಿಲ್ಲ. ಮಾನಾಚಾರಿಯ ಮುಖ ನೋಡಿ ಒಂದೇ ಮಾತು ಅಂದಳು.

"ಇಳಿಸಪ್ಪ. ನಿನ್ನ ಕೈ ಸರಿಯಿದ್ದರೆ ನನಗ್ಯಾತರ ಭಯ?"

ಮಾನಾಚಾರಿ ಸರಪಳಿಗೆ ಕೈ ಹಾಕಿದ. ಹಾಕಿದ ಕೈ ಹಂಗೇ ನಿಂತಿತು. ಇಷ್ಟು ಕಾಲ ಅವಳು ಹೇಳಿದ ಹೂವು ಒಂದು ಸಲವೂ ತಪ್ಪಿರಲಿಲ್ಲ. ಅದು ಅವನೊಬ್ಬನಿಗೇ ಗೊತ್ತು.

"ಏಳು ತಾಯಿ," ಅಂದ. "ನನಗೆ ಧೈರ್ಯ ಸಾಲದು."

ಅವಳನ್ನು ಎಬ್ಬಿಸಿ ಹೊರಗೆ ಕರೆದು, ತಾನೇ ಕಲ್ಲು ಹೊತ್ತು ತಂದು ಅವಳ ತೂಕಕ್ಕೆ ಸರಿಯಾಗಿ ಮಕ್ಕರಿ ತುಂಬಿದ. ಬಾವಿಗೆ ಬಿಟ್ಟರು. ರಾಟೆ ಕಿರುಗುಟ್ಟಿತು. ಅರ್ಧ ಇಳಿದಿರಬಹುದು, ಟಣ್ ಅಂತ ಒಂದು ಸದ್ದು. ಹಿಡಿದವರ ಕೈಯಲ್ಲಿ ಸರಪಳಿ ಹಗುರಾಯಿತು. ಆಮೇಲೆ ಏನೂ ಇಲ್ಲ. ಏನೂ ಇಲ್ಲ. ಎಷ್ಟೋ ಹೊತ್ತು ಕಳೆದಂತಾದ ಮೇಲೆ, ಕೆಳಗಿಂದ ಗುಡುಗಿನ ಹಂಗೆ ಮೇಲೆದ್ದು ಬಂತಂತೆ ಕಲ್ಲು ಬಿದ್ದ ಶಬ್ದ. ಓಬಳ ಅಲ್ಲೇ ಕುಸಿದು, ಅಕ್ಕನ ಕಾಲು ಹಿಡಿದು ಕೂತ. ಗೌಡ ಮತ್ತೆಂದೂ ಆ ಬಾವಿ ಕಡೆ ತಲೆ ಹಾಕಲಿಲ್ಲ ಅಂತಾರೆ.

ಇವತ್ತಿಗೂ ಆ ಸೀಮೆಯಲ್ಲಿ ಜನ ಬಾವಿಗಿಳಿಯೋ ಮುಂಚೆ ಒಂದು ಮಕ್ಕರಿ ಕಲ್ಲು ಇಳಿಸುತ್ತಾರೆ. ಕಲ್ಲು ಅಂತ ಮಾತ್ರ ಯಾರೂ ಅನ್ನೋದಿಲ್ಲ. ಸಣ್ಣೀರವ್ವ ಇಳೀತಾಳೆ, ಸುಮ್ಮನಿರಿ ಅನ್ನುತ್ತಾರೆ. ಸುತ್ತ ನಿಂತವರು ಉಸಿರು ಬಿಗಿಹಿಡಿದು ಕಿವಿಗೊಡುತ್ತಾರೆ. ಅವಳು ಮೇಲೆ ಬಂದ ಮೇಲೇ ಇನ್ನೊಬ್ಬರು ಮಕ್ಕರಿಗೆ ಕಾಲಿಡೋದು.