ಬೆಲ್ಲ ಎಷ್ಟು ಹಾಕಲಿ?

ಕಪಿಲೆಯ ದಡದ ಆಶ್ರಮದಲ್ಲಿ ಶ್ರೀಕಂಠ ಬೆಳಗಿನಿಂದ ಹಣ್ಣಿನ ರಸಾಯನ ಮಾಡುತ್ತಲೇ ಇದ್ದ. ಇನ್ನೂ ಆಗಿರಲಿಲ್ಲ.

ಅವನನ್ನು ಸಾಕಿ ಬೆಳೆಸಿದ ಅಕ್ಕ ಪುಟ್ಟತಾಯಮ್ಮ ಗಂಡನ ಜೊತೆ ಬಂದು ಜಗಲಿಯ ಮೇಲೆ ಕೂತಿದ್ದಳು. ಮೂರು ವರ್ಷದ ಹಿಂದೆ ಅವಳಿಗೆ ಒಂದು ಮಾತೂ ಹೇಳದೆ ಮನೆ ಬಿಟ್ಟು ಬಂದವನು ಇವನು. ಈಗ ಅವಳಿಗೆ ಸಕ್ಕರೆ ಕಾಯಿಲೆ ಎಂದು ಭಾವ ಕಾಗದ ಬರೆದಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟರೆ ಮತ್ತೆ ಬರುತ್ತಾಳೋ ಇಲ್ಲವೋ.

ಶ್ರೀಕಂಠ ಗುರುಗಳ ಬಳಿ ಬಂದ.

“ಗುರುಗಳೇ, ಅಕ್ಕನಿಗೆ ಬಾಳೆಹಣ್ಣು ಆಗುತ್ತಾ?”

“ಒಂದೆರಡು ಹಾಕು. ಜಾಸ್ತಿ ಸೀಬೆ ಹಾಕು.”

ಹೋದ. ಮತ್ತೆ ಬಂದ.

“ಕಾಯಿಹಾಲು ಗಟ್ಟಿ ಇರಲೋ, ತೆಳುವಾಗಿರಲೋ?”

“ಹೇಗಾದರೂ ಇರಲಿ ಮಾರಾಯ.”

ಹೋದ. ಮತ್ತೆ ಬಂದ.

“ಹೆಚ್ಚಿಟ್ಟ ಬಾಳೆಹಣ್ಣು ಕಪ್ಪಾಗಿದೆ. ಬೇರೆ ಹೆಚ್ಚಲೇ?”

“ಇದು ಎಷ್ಟನೇ ಸಲ?”

“ಮೂರನೇ ಸಲ.”

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು.

“ನಿಮ್ಮಕ್ಕ ಬಂದು ಎಷ್ಟು ಹೊತ್ತಾಯಿತು?”

“ಎರಡು ಗಂಟೆ.”

“ಮಾತಾಡಿಸಿದೆಯಾ?”

ಶ್ರೀಕಂಠ ತಲೆ ತಗ್ಗಿಸಿದ. “ರಸಾಯನ ಚೆನ್ನಾಗಿ ಆಗಲಿ, ಅದನ್ನು ಹಿಡಿದುಕೊಂಡೇ ಹೋಗೋಣ ಅಂತ...”

ಗುರುಗಳಿಗೆ ರೇಗಿಹೋಯಿತು. ದಡದಡನೆ ಅಡುಗೆಮನೆಗೆ ಹೋಗಿ ಹಣ್ಣಿನ ಬುಟ್ಟಿಯನ್ನೂ ಈಳಿಗೆ ಮಣೆಯನ್ನೂ ತಂದು ಪುಟ್ಟತಾಯಮ್ಮನ ಮುಂದೆ ಇಟ್ಟರು.

“ತಾಯಿ, ಇವನ ಕೈಲಿ ಆಗೋ ಹಾಗೆ ಕಾಣಲ್ಲ. ನೀವೇ ಹೆಚ್ಚಿ.”

ಶ್ರೀಕಂಠ ಬೆಲ್ಲದ ಡಬ್ಬಿ ಹಿಡಿದುಕೊಂಡೇ ಓಡಿಬಂದ. ಬಂದವರ ಕೈಲಿ ಕೆಲಸ ಮಾಡಿಸಬಾರದು ಎಂಬುದು ಆಶ್ರಮದ ನಿಯಮ. ಅದನ್ನು ಅವನಿಗೆ ಮೊದಲ ದಿನವೇ ಹೇಳಿಕೊಟ್ಟವರು ಇದೇ ಗುರುಗಳು!

“ಬಿಡಕ್ಕ, ನಾನು ಹೆಚ್ತೀನಿ.”

ಅವಳು ಬಿಡಲಿಲ್ಲ. ಮಣೆಯ ಮೇಲೆ ಕೂತು ಸೀಬೆಹಣ್ಣು ಎರಡು ಹೋಳು ಮಾಡಿದಳು. ತಲೆ ಎತ್ತದೆ ಕೇಳಿದಳು.

“ಬೀಜ ತೆಗೆದು ಹೆಚ್ಚೋದು ಹೇಳಿಕೊಟ್ಟಿದ್ದೆ. ಅದಾದರೂ ನೆನಪಿದೆಯೇನೋ?”

ಅವಳ ದನಿ ನಡುಗುತ್ತಿತ್ತು. ಶ್ರೀಕಂಠ ಡಬ್ಬಿಯ ಮುಚ್ಚಳ ತೆಗೆದು ಗುರುಗಳ ಕಡೆ ತಿರುಗಿದ.

“ಗುರುಗಳೇ, ಬೆಲ್ಲ ಎಷ್ಟು ಹಾಕಲಿ?”

ಗುರುಗಳು ಹಣೆ ಚಚ್ಚಿಕೊಂಡರು.

“ತಿನ್ನೋಳು ನಿನ್ನ ಎದುರಿಗೇ ಕೂತಿದಾಳೆ ಕಣೋ. ನನ್ನನ್ನು ಯಾಕೆ ಕೇಳ್ತೀಯ?”